ಹಿತ್ತಲ ಗುಂಡಿಯಿಂದ ಹಳದಿ ಚೀಲಕ್ಕೆ: ಮಾಸು ಮತ್ತು ಕಾನೂನು

ಮಗು ಹುಟ್ಟಿದ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ತಾನಾಗಿಯೇ ಕಳಚಿ ಹೊರಬೀಳುವ ಮಾಸು, ಸುಮಾರು ಅರ್ಧ ಕಿಲೋ ತೂಗುವ, ಗೇಣು ಅಗಲದ, ಚಪ್ಪಟೆಯಾದ, ಕಡುಗೆಂಪು ಬಣ್ಣದ ಒಂದು ಅಂಗ. ಅದರ ಒಂದು ಮುಖ ತಾಯಿಯ ಗರ್ಭಕೋಶದ ಗೋಡೆಗೆ ಕಚ್ಚಿಕೊಂಡಿರುತ್ತದೆ, ಇನ್ನೊಂದು ಮುಖದಿಂದ ಹೊಕ್ಕುಳಬಳ್ಳಿ ಹೊರಟು ಶಿಶುವನ್ನು ಸೇರುತ್ತದೆ. ಅದು ಬೆಳೆಯುವುದು ಬಹುಮಟ್ಟಿಗೆ ಭ್ರೂಣದ ಕೋಶಗಳಿಂದ, ಬದುಕುವುದು ತಾಯಿಯ ರಕ್ತದಿಂದ. ಹೀಗಾಗಿ ಮಾಸು ಯಾರ ದೇಹದ ಭಾಗ ಎಂಬ ಪ್ರಶ್ನೆಗೆ ಜೀವಶಾಸ್ತ್ರವೇ ಒಂದು ಮಾತಿನ ಉತ್ತರ ಕೊಡಲಾರದು, ಮತ್ತು ಕಾನೂನು ಆ ಪ್ರಶ್ನೆಯನ್ನು ಬಹುಕಾಲ ಕೇಳುವ ಗೋಜಿಗೇ ಹೋಗಲಿಲ್ಲ. 20ನೆಯ ಶತಮಾನದಲ್ಲಿ ಇದೇ ಅಂಗದಿಂದ ದಡಾರದ ಮದ್ದು, ಸುಟ್ಟ ಗಾಯದ ಪಟ್ಟಿ, ಕಣ್ಣಿನ ಕಸಿ, ರಕ್ತರೋಗದ ಚಿಕಿತ್ಸೆ ಎಲ್ಲವೂ ಹೊರಟ ಮೇಲೆ ಸರ್ಕಾರಗಳು ಒಂದೊಂದಾಗಿ ಇತ್ತ ತಿರುಗಿದವು. ಭಾರತದ ಮಟ್ಟಿಗೆ ಹೇಳುವುದಾದರೆ, ಮಾಸಿಗೆಂದೇ ಬರೆದ ಕಾನೂನು ಒಂದೂ ಇಲ್ಲ. ಮೂತ್ರಪಿಂಡದ ವ್ಯಾಪಾರ, ಹೆಣ್ಣುಭ್ರೂಣದ ಹತ್ಯೆ, ಆಸ್ಪತ್ರೆಯ ಕಸ, ನಂಬಲಾಗದ ಔಷಧಿ ಎಂಬ ಬೇರೆ ಬೇರೆ ಆತಂಕಗಳಿಂದ ಹುಟ್ಟಿದ ಕಾನೂನುಗಳು ತಮ್ಮ ದಾರಿಯಲ್ಲಿ ಸಿಕ್ಕ ಮಾಸನ್ನು ತುಂಡು ತುಂಡಾಗಿ ಹಂಚಿಕೊಂಡಿವೆ.

ಹೆಸರುಗಳಿಂದಲೇ ಆರಂಭಿಸುವುದು ಇಲ್ಲಿ ಉಚಿತ, ಏಕೆಂದರೆ ಈ ಚರಿತ್ರೆಯಲ್ಲಿ ಮಾಸನ್ನು ಏನೆಂದು ಕರೆಯಲಾಯಿತು ಎಂಬುದೇ ಅದರ ಗತಿಯನ್ನು ನಿರ್ಧರಿಸಿದೆ. ಸಂಸ್ಕೃತದಲ್ಲಿ ಗರ್ಭವನ್ನು ಸುತ್ತಿದ ಪೊರೆಗೆ ಜರಾಯು ಎಂದು ಹೆಸರು. ಆಯುರ್ವೇದದ ಗ್ರಂಥಗಳು ಮಾಸನ್ನು ಅಪರಾ ಎಂದು ಕರೆದು, ಅದು ಸಕಾಲಕ್ಕೆ ಬೀಳದಿದ್ದರೆ ಮಾಡಬೇಕಾದ ಉಪಚಾರವನ್ನು ವಿವರಿಸುತ್ತವೆ. ಯುರೋಪಿನಲ್ಲಿ ರಿಯಾಲ್ಡೊ ಕೊಲಂಬೊ ಎಂಬ ಇಟಲಿಯ ಅಂಗರಚನಾಶಾಸ್ತ್ರಜ್ಞ 1559ರಲ್ಲಿ ಬಳಸಿದ ಪ್ಲಾಸೆಂಟಾ ಎಂಬ ಲ್ಯಾಟಿನ್ ಪದದ ಅರ್ಥ ಚಪ್ಪಟೆಯಾದ ಭಕ್ಷ್ಯ, ನಮ್ಮ ಮಾತಿನಲ್ಲಿ ಒಂದು ಬಗೆಯ ಹೋಳಿಗೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ಮಾಸು ಎಂಬ ಮಾತಿನ ಜೊತೆಗೆ ಕಸ ಎಂಬ ಮಾತೂ ಬಳಕೆಯಲ್ಲಿದೆ, ದನಕರುಗಳ ವಿಷಯದಲ್ಲಿ ಸತ್ತೆ ಎನ್ನುವುದುಂಟು. ಮುಂದೆ ಸರ್ಕಾರವೂ ಮಾಸನ್ನು ತ್ಯಾಜ್ಯವೆಂದು, ಎಂದರೆ ಕಸವೆಂದೇ ವರ್ಗೀಕರಿಸಿತು; ಆದರೆ ಹಳ್ಳಿಯವರ ಬಾಯಲ್ಲಿ ಕಸವಾಗಿದ್ದದ್ದು ಕಸದಂತೆ ತಿಪ್ಪೆಗೆ ಹೋಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಸೂಲಗಿತ್ತಿಯೋ ಮನೆಯ ಹಿರಿಯ ಹೆಂಗಸೋ ಹಿತ್ತಲಲ್ಲಿ ಗುಂಡಿ ತೋಡಿಸಿ, ಮಾಸನ್ನು ಅದರೊಳಗೆ ಇಟ್ಟು ಮಣ್ಣು ಮುಚ್ಚಿ, ನಾಯಿನರಿ ಕೆದಕದಂತೆ ಮೇಲೆ ಕಲ್ಲು ಹೇರುವುದು ರೂಢಿಯಾಗಿತ್ತು. ಅದಕ್ಕೆ ಕೇಡಾದರೆ ಮಗುವಿಗೂ ಬಾಣಂತಿಗೂ ಕೇಡು ಎಂಬ ನಂಬಿಕೆ ಈ ಎಚ್ಚರದ ಹಿಂದೆ ಇತ್ತು. ನ್ಯೂಜಿಲೆಂಡಿನ ಮಾವೋರಿ ಜನರ ಭಾಷೆಯಲ್ಲಿ ಫೆನುವಾ ಎಂಬ ಒಂದೇ ಪದ ಮಾಸನ್ನೂ ನೆಲವನ್ನೂ ಸೂಚಿಸುತ್ತದೆ, ಮಾಸನ್ನು ಪೂರ್ವಜರ ನೆಲದಲ್ಲಿ ಹೂಳುವುದು ಅವರಲ್ಲಿಯೂ ಸಂಪ್ರದಾಯ.

ಹೂಳುವುದಕ್ಕೆ ಬದಲಾಗಿ ಮದ್ದಾಗಿ ಬಳಸಿದ ಸಮಾಜಗಳೂ ಇದ್ದವು. ಚೀನಾದಲ್ಲಿ 8ನೆಯ ಶತಮಾನದ ಚೆನ್ ಝಾಂಗ್‌ಚಿ ಎಂಬ ಪಂಡಿತನ ಔಷಧಿ ಗ್ರಂಥದಿಂದ ಮೊದಲುಗೊಂಡು, 16ನೆಯ ಶತಮಾನದ ಕೊನೆಯಲ್ಲಿ ಅಚ್ಚಾದ ಲಿ ಶಿಝೆನ್‌ನ ಮಹಾಸಂಕಲನದವರೆಗೆ ಮನುಷ್ಯರ ಮಾಸು ಔಷಧದ್ರವ್ಯಗಳ ಸಾಲಿನಲ್ಲಿ ಬರುತ್ತದೆ. ಒಣಗಿಸಿ ಪುಡಿ ಮಾಡಿದ ಮಾಸಿಗೆ ಅಲ್ಲಿ ಝಿಹೆಚೆ ಎಂದು ಹೆಸರು. ಆಧುನಿಕ ಚೀನಾದ ಅಧಿಕೃತ ಔಷಧಕೋಶದಲ್ಲಿಯೂ ಇದು 2010ರ ಆವೃತ್ತಿಯವರೆಗೆ ಉಳಿದುಕೊಂಡಿತ್ತು, 2015ರ ಆವೃತ್ತಿಯಲ್ಲಿ ಕೈಬಿಡಲಾಯಿತು. ಅದಕ್ಕೂ ಮೊದಲು 2005ರಲ್ಲಿ ಚೀನಾದ ಆರೋಗ್ಯ ಸಚಿವಾಲಯ ಹೊರಡಿಸಿದ ಒಂದು ಸ್ಪಷ್ಟೀಕರಣ, ಹೆರಿಗೆಯ ನಂತರದ ಮಾಸು ತಾಯಿಗೆ ಸೇರಿದ್ದು, ಅವಳು ಬೇಡವೆಂದರೆ ಅಥವಾ ದಾನ ಮಾಡಿದರೆ ಮಾತ್ರ ಆಸ್ಪತ್ರೆ ವಿಲೇವಾರಿ ಮಾಡಬಹುದು, ಯಾರೂ ಅದನ್ನು ಮಾರಕೂಡದು ಎಂದು ಹೇಳಿತು. ಮಾಸಿನ ಒಡೆತನವನ್ನು ಇಷ್ಟು ನೇರವಾಗಿ, ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಸರ್ಕಾರಿ ಪತ್ರ ವಿರಳ, ಮತ್ತು ಅದು ಬಂದದ್ದು ಸಾವಿರ ವರ್ಷಕ್ಕೂ ಮೀರಿದ ಬಳಕೆಯ ನಂತರ.

ಕಾರ್ಖಾನೆಯ ಕಚ್ಚಾವಸ್ತುವಾಗಿ ಮಾಸಿನ ಜೀವನ ಆರಂಭವಾದದ್ದು 1930ರ ದಶಕದಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಚಾರ್ಲ್ಸ್ ಮೆಕಾನ್ ಮತ್ತು ಅವನ ಸಹೋದ್ಯೋಗಿ ಚು 1933ರಲ್ಲಿ ಮಾಸಿನ ಸಾರದಲ್ಲಿ ರೋಗನಿರೋಧಕ ಪ್ರತಿಕಾಯಗಳು ಇರುವುದನ್ನು ತೋರಿಸಿದರು, ಮತ್ತು ಆ ಸಾರವನ್ನು ಮಕ್ಕಳಿಗೆ ದಡಾರ ಬಾರದಂತೆ ತಡೆಯಲು ಬಳಸಲಾಯಿತು. ಅದೇ ಕಾಲಕ್ಕೆ ಸೋವಿಯತ್ ಒಕ್ಕೂಟದ ಒಡೆಸ್ಸಾದಲ್ಲಿ ಕಣ್ಣಿನ ಶಸ್ತ್ರವೈದ್ಯ ವ್ಲಾದಿಮಿರ್ ಫಿಲಾತೊವ್, ಶೀತದಲ್ಲಿ ಇಟ್ಟ ಅಂಗಾಂಶಗಳಲ್ಲಿ ಚೇತರಿಕೆಯನ್ನು ಪ್ರಚೋದಿಸುವ ವಸ್ತುಗಳು ಉಂಟಾಗುತ್ತವೆ ಎಂಬ ವಾದವನ್ನು ಮುಂದಿಟ್ಟು, ಮಾಸಿನ ತುಣುಕು ಮತ್ತು ಸಾರಗಳನ್ನು ಚರ್ಮದ ಅಡಿಯಲ್ಲಿ ಸೇರಿಸುವ ಅಂಗಾಂಶ ಚಿಕಿತ್ಸೆ ಎಂಬ ಪದ್ಧತಿಯನ್ನು ಬೆಳೆಸಿದ. ಬಾಸ್ಟನ್ನಿನ ಕೆಲಸಕ್ಕೆ ಅಳೆದು ನೋಡಬಹುದಾದ ಪ್ರತಿಕಾಯಗಳ ಆಧಾರವಿತ್ತು, ಒಡೆಸ್ಸಾದ ವಾದಕ್ಕೆ ಅಂಥ ಆಧಾರ ದುರ್ಬಲವಾಗಿತ್ತು. ಆದರೆ ಜಗತ್ತಿನ ಮೇಲೆ ಹೆಚ್ಚು ಕಾಲ ಪ್ರಭಾವ ಬೀರಿದ್ದು ಎರಡನೆಯದೇ. ಜಪಾನಿನಲ್ಲಿ 1956ರಲ್ಲಿ ಮೆಲ್ಸ್‌ಮನ್, 1959ರಲ್ಲಿ ಲೆನೆಕ್ ಎಂಬ ಮಾಸಿನ ಚುಚ್ಚುಮದ್ದುಗಳಿಗೆ ಅನುಮತಿ ಸಿಕ್ಕಿತು. ಕ್ಯೂಬಾದಲ್ಲಿ ಕಾರ್ಲೋಸ್ ಮಿಯಾರೆಸ್ ಕಾವೊ ಮಾಸಿನಿಂದ ತೊನ್ನಿನ ಔಷಧಿಯೊಂದನ್ನು ರೂಪಿಸಿದ, ಹವಾನಾದಲ್ಲಿ ಅದಕ್ಕೆಂದೇ ಒಂದು ಚಿಕಿತ್ಸಾ ಕೇಂದ್ರ ಎದ್ದಿತು. ಭಾರತದಲ್ಲಿ ಕೊಲ್ಕತ್ತದ ಆಲ್ಬರ್ಟ್ ಡೇವಿಡ್ ಕಂಪನಿಯ ಪ್ಲಾಸೆಂಟ್ರೆಕ್ಸ್ ಇದೇ ವಂಶದ ಔಷಧಿ.

ಇವೆಲ್ಲಕ್ಕಿಂತ ದೊಡ್ಡ ಪ್ರಮಾಣದ ವಹಿವಾಟು ನಡೆದದ್ದು ಫ್ರಾನ್ಸಿನ ಲಿಯೋನ್ ನಗರದ ಬಳಿ. ಅಲ್ಲಿಯ ಮೆರಿಯೂ ಸಂಸ್ಥೆ ಮಾಸಿನಲ್ಲಿ ಉಳಿದ ರಕ್ತದಿಂದ ಆಲ್ಬುಮಿನ್ ಮತ್ತು ಗಾಮಾ ಗ್ಲಾಬ್ಯುಲಿನ್ ಎಂಬ ಪ್ರೋಟೀನುಗಳನ್ನು ಬೇರ್ಪಡಿಸುತ್ತಿತ್ತು. ಮೊದಲನೆಯದು ರಕ್ತದ ದ್ರವಾಂಶವನ್ನು ಕಾಯುವ ಪ್ರೋಟೀನು, ಎರಡನೆಯದು ಪ್ರತಿಕಾಯಗಳ ಗುಂಪು. ಬ್ರಿಟನ್ನೂ ಸೇರಿದಂತೆ ಹಲವು ದೇಶಗಳ ಹೆರಿಗೆ ಆಸ್ಪತ್ರೆಗಳಿಂದ ಹೆಪ್ಪುಗಟ್ಟಿಸಿದ ಮಾಸುಗಳು ಲಾರಿಗಳಲ್ಲಿ ಅಲ್ಲಿಗೆ ಹೋಗುತ್ತಿದ್ದವು, ತಾಯಂದಿರನ್ನು ಕೇಳುವ ಪದ್ಧತಿ ಸಾಮಾನ್ಯವಾಗಿ ಇರಲಿಲ್ಲ. ಈ ಉದ್ಯಮ ಎಷ್ಟು ಹಸಿದಿತ್ತು ಎಂಬುದಕ್ಕೆ ಗೌಚರ್ ಕಾಯಿಲೆಯ ಔಷಧಿಯೇ ಸಾಕ್ಷಿ. ದೇಹದಲ್ಲಿ ಒಂದು ಕಿಣ್ವ ಕಡಿಮೆಯಾಗಿ ಗುಲ್ಮ ಮತ್ತು ಯಕೃತ್ತು ಊದಿಕೊಳ್ಳುವ ಈ ಅನುವಂಶೀಯ ಕಾಯಿಲೆಯ ಮೂಲವನ್ನು ಅಮೆರಿಕದ ರಾಸ್ಕೊ ಬ್ರೇಡಿ 1960ರ ದಶಕದಲ್ಲಿ ಗುರುತಿಸಿ, ಅದೇ ಕಿಣ್ವವನ್ನು ಮಾಸಿನಿಂದ ಶುದ್ಧೀಕರಿಸಿ, 1974ರಲ್ಲಿ ರೋಗಿಗಳಿಗೆ ಕೊಟ್ಟ ಪ್ರಯೋಗದ ವರದಿ ಪ್ರಕಟಿಸಿದ. 1991ರಲ್ಲಿ ಜೆನ್‌ಜೈಮ್ ಕಂಪನಿಯ ಸೆರೆಡೇಸ್ ಎಂಬ ಔಷಧಿಗೆ ಅಲ್ಲಿ ಅನುಮತಿ ಸಿಕ್ಕಿದಾಗ, ಒಬ್ಬ ರೋಗಿಯ ಒಂದು ವರ್ಷದ ಔಷಧಿಗೆ ಸುಮಾರು 20,000 ಮಾಸುಗಳು ಬೇಕಾಗುತ್ತಿದ್ದವು. ಸಣ್ಣದೊಂದು ಜಿಲ್ಲೆಯಲ್ಲಿ ವರ್ಷವಿಡೀ ಆಗುವ ಹೆರಿಗೆಗಳು ಒಬ್ಬ ರೋಗಿಗೆ ಸಾಲುತ್ತಿದ್ದವೋ ಇಲ್ಲವೋ ಎಂಬ ಲೆಕ್ಕ ಇದು. 1994ರಲ್ಲಿ ಅದೇ ಕಿಣ್ವವನ್ನು ಪ್ರಯೋಗಾಲಯದ ಕೋಶಗಳಲ್ಲಿ ಬೆಳೆಸುವ ವಿಧಾನಕ್ಕೆ ಅನುಮತಿ ದೊರೆತ ಮೇಲೆ ಈ ಅವಲಂಬನೆ ತಪ್ಪಿತು.

ಮಾಸಿನ ಈ ಹಳೆಯ ವ್ಯಾಪಾರವನ್ನು ನಿಲ್ಲಿಸಿದ್ದು ತಾಯಂದಿರ ಹಕ್ಕಿನ ವಿಚಾರವಲ್ಲ, ಸೋಂಕಿನ ಭಯ. 1980ರ ದಶಕದಲ್ಲಿ ಏಡ್ಸ್ ಮತ್ತು ಕಾಮಾಲೆಯ ವೈರಾಣುಗಳು ರಕ್ತದ ಉತ್ಪನ್ನಗಳ ಮೂಲಕ ಹರಡಿದ ಅನುಭವ ಆಗಿತ್ತು. ಅದರ ಬೆನ್ನಿಗೆ ಮೆದುಳನ್ನು ತೂತು ತೂತಾಗಿಸುವ ಕ್ರೂಟ್ಸ್‌ಫೆಲ್ಟ್ ಯಾಕೋಬ್ ಕಾಯಿಲೆಯ ಆತಂಕ ಸೇರಿತು, ಏಕೆಂದರೆ ಅದನ್ನು ರಕ್ತದಲ್ಲಿ ಪತ್ತೆ ಮಾಡುವ ಪರೀಕ್ಷೆ ಇರಲಿಲ್ಲ. ಸಾವಿರಾರು ಹೆಂಗಸರ ಮಾಸುಗಳನ್ನು ಒಂದೇ ಕೊಪ್ಪರಿಗೆಯಲ್ಲಿ ಬೆರೆಸುವ ಉದ್ಯಮದಲ್ಲಿ ಒಂದು ಕೆಟ್ಟ ಮಾಸು ಇಡೀ ಪಾಕವನ್ನು ಕೆಡಿಸಬಲ್ಲದು. 1990ರ ದಶಕದ ಮೊದಲ ವರ್ಷಗಳಲ್ಲಿ ಫ್ರಾನ್ಸು ಮತ್ತು ಬ್ರಿಟನ್ನುಗಳಲ್ಲಿ ಈ ಸಂಗ್ರಹ ಕೊನೆಗೊಂಡಿತು. ಜಪಾನು ಮಾತ್ರ ಔಷಧಿಯನ್ನು ನಿಷೇಧಿಸದೆ ಇನ್ನೊಂದು ದಾರಿ ಹಿಡಿಯಿತು: ಮಾಸಿನ ಚುಚ್ಚುಮದ್ದು ಪಡೆದವರು ರಕ್ತದಾನ ಮಾಡುವಂತಿಲ್ಲ ಎಂದು 2006ರಿಂದ ನಿರ್ಬಂಧ ಹಾಕಿತು. ಮದ್ದನ್ನು ಮಾರಲು ಬಿಟ್ಟು ಅದನ್ನು ತೆಗೆದುಕೊಂಡವರ ರಕ್ತವನ್ನು ಶಂಕಿಸುವ ಈ ನಿಲುವಿನಲ್ಲಿ ಒಂದು ವಿಚಿತ್ರ ಪ್ರಾಮಾಣಿಕತೆ ಇದೆ.

ಸಂಶೋಧನೆಯ ನೀತಿಯ ದಿಕ್ಕಿನಿಂದ ಬಂದ ನಿಯಮಗಳ ಚರಿತ್ರೆ ಬೇರೆ. ಬ್ರಿಟನ್ನಿನಲ್ಲಿ 1972ರ ಪೀಲ್ ಸಮಿತಿ ಭ್ರೂಣ ಮತ್ತು ಭ್ರೂಣಸಂಬಂಧಿ ಅಂಗಾಂಶಗಳನ್ನು ಸಂಶೋಧನೆಗೆ ಬಳಸುವ ಬಗ್ಗೆ ಮೊದಲ ಸಂಹಿತೆಯನ್ನು ರಚಿಸಿತು. 1989ರಲ್ಲಿ, ಭೌತವಿಜ್ಞಾನಿಯಾಗಿದ್ದು ಪಾದ್ರಿಯಾದ ಜಾನ್ ಪೋಕಿಂಗ್‌ಹಾರ್ನ್ ಅಧ್ಯಕ್ಷತೆಯ ಸಮಿತಿ ಅದನ್ನು ಬಿಗಿಗೊಳಿಸಿ, ತಾಯಿಯ ಒಪ್ಪಿಗೆಯನ್ನು ಕಡ್ಡಾಯವೆಂದು ಹೇಳಿತು. ಲಿವರ್‌ಪೂಲಿನ ಮಕ್ಕಳ ಆಸ್ಪತ್ರೆಯಲ್ಲಿ ಸತ್ತ ಮಕ್ಕಳ ಅಂಗಗಳನ್ನು ಹೆತ್ತವರಿಗೆ ತಿಳಿಸದೆ ಇಟ್ಟುಕೊಂಡಿದ್ದ ಸಂಗತಿ ಬಯಲಾದ ಮೇಲೆ ಅಲ್ಲಿ 2004ರ ಮಾನವ ಅಂಗಾಂಶ ಕಾಯ್ದೆ ಬಂದಿತು, ಒಪ್ಪಿಗೆ ಎಂಬುದು ಸಲಹೆಯ ಹಂತದಿಂದ ಶಾಸನದ ಹಂತಕ್ಕೆ ಏರಿತು. ಇಲ್ಲಿಯೂ ಮಾಸು ಕಾನೂನಿನ ಕಾರಣವಾಗಿರಲಿಲ್ಲ. ಇನ್ನೊಂದು ದುಃಖದಿಂದ ಹುಟ್ಟಿದ ಕಾನೂನಿನ ನೆರಳಿಗೆ ಅದು ಬಂದಿತು.

ಭಾರತಕ್ಕೆ ಬಂದರೆ, ಎಲ್ಲಕ್ಕೂ ಮೊದಲು ಹೇಳಬೇಕಾದ ಬದಲಾವಣೆ ಯಾವ ಕಾಯ್ದೆಯಲ್ಲಿಯೂ ಇಲ್ಲ: ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. 1992–93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದ ಹೆರಿಗೆಗಳಲ್ಲಿ ಕಾಲು ಭಾಗದಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಆರಂಭವಾಗಿ ಆಸ್ಪತ್ರೆಗೆ ಬಂದ ಬಡ ಬಾಣಂತಿಯರಿಗೆ ಹಣ ಕೊಡತೊಡಗಿದ ಮೇಲೆ ಈ ಪ್ರಮಾಣ ವೇಗವಾಗಿ ಏರಿ, 2019–21ರ ಐದನೆಯ ಸಮೀಕ್ಷೆಯ ವೇಳೆಗೆ ದೇಶದಲ್ಲಿ ಶೇಕಡಾ 88.6, ಕರ್ನಾಟಕದಲ್ಲಿ ಶೇಕಡಾ 97 ಆಯಿತು. ಹೆರಿಗೆ ವಾರ್ಡು ಸೇರಿದ ಹೆಂಗಸಿನ ಜೊತೆಗೆ ಮಾಸೂ ಹಿತ್ತಲನ್ನು ಬಿಟ್ಟು ಸರ್ಕಾರದ ಕೈಗೆ ಬಂದಿತು, ಅದನ್ನು ಏನು ಮಾಡಬೇಕೆಂಬ ಪ್ರಶ್ನೆ ಮನೆಯ ಹಿರಿಯರದ್ದಾಗಿ ಉಳಿಯದೆ ನರ್ಸು ಮತ್ತು ಆಯಾಗಳ ದಿನನಿತ್ಯದ ಕೆಲಸವಾಯಿತು.

ಅದಕ್ಕೆ ಸರ್ಕಾರ ಕೊಟ್ಟ ಉತ್ತರ 1998ರ ಜುಲೈಯಲ್ಲಿ ಹೊರಬಿದ್ದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು, ಮತ್ತು ಅವುಗಳ ಸ್ಥಾನದಲ್ಲಿ 2016ರ ಮಾರ್ಚಿನಲ್ಲಿ ಬಂದ ಹೊಸ ನಿಯಮಗಳು. ಎರಡೂ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಹುಟ್ಟಿದವು, ಎಂದರೆ ಅವುಗಳ ಚಿಂತೆ ನೆಲ, ನೀರು, ಗಾಳಿ ಕೆಡಬಾರದು ಎಂಬುದಷ್ಟೇ. ಮಾಸನ್ನು ಹೆಸರು ಹಿಡಿದು ಹೇಳದಿದ್ದರೂ ಮನುಷ್ಯರ ಅಂಗಾಂಶ, ಅಂಗ, ದೇಹಭಾಗ ಎಂಬ ವರ್ಗದೊಳಗೆ ಅದು ಬರುತ್ತದೆ, ಆ ವರ್ಗಕ್ಕೆ ನಿಗದಿಯಾದದ್ದು ಹಳದಿ ಚೀಲ. ಅದನ್ನು 48 ಗಂಟೆಗಳಿಗಿಂತ ಹೆಚ್ಚು ಹೊತ್ತು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಕಳಿಸಿ ಸುಡಿಸಬೇಕು, ಸುಡುವ ಕುಲುಮೆಯ ಎರಡನೆಯ ಕೋಣೆಯಲ್ಲಿ ಉಷ್ಣತೆ ಸುಮಾರು 1,050 ಡಿಗ್ರಿ ಸೆಲ್ಸಿಯಸ್ ಇರಬೇಕು. ಘಟಕ ಎಟುಕದ ದೂರದ ಹಳ್ಳಿಗಾಡಿನಲ್ಲಿ ಮಾತ್ರ ಆಳವಾಗಿ ಹೂಳಲು ಅನುಮತಿ. ಹಾಗೆ ಹೂಳುವ ಗುಂಡಿಯ ವಿವರ ನಿಯಮದ ಅನುಬಂಧದಲ್ಲಿದೆ: ಸುಮಾರು 2 ಮೀಟರ್ ಆಳ ಅಗೆಯಬೇಕು, ಅರ್ಧದಷ್ಟು ಮಾತ್ರ ತುಂಬಬೇಕು, ಪ್ರತಿ ಸಲ ಹಾಕಿದಾಗಲೂ ಮೇಲೆ 10 ಸೆಂಟಿಮೀಟರ್ ಮಣ್ಣು ಹರಡಬೇಕು, ಕೊನೆಗೆ ನೆಲಮಟ್ಟಕ್ಕೆ 50 ಸೆಂಟಿಮೀಟರ್ ಉಳಿಯುವವರೆಗೆ ಸುಣ್ಣ ಸುರಿದು, ಮಿಕ್ಕದ್ದನ್ನು ಮಣ್ಣಿನಿಂದ ಮುಚ್ಚಬೇಕು, ಪ್ರಾಣಿಗಳು ಹೋಗದಂತೆ ತಡೆ ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಹಿಂದಿನ ಈ ಗುಂಡಿಗೂ ಅಜ್ಜಿಯರು ಹಿತ್ತಲಲ್ಲಿ ತೋಡಿಸುತ್ತಿದ್ದ ಗುಂಡಿಗೂ ವಿಧಾನದಲ್ಲಿ ಅಂತರ ಕಡಿಮೆ. ಕಲ್ಲಿನ ಜಾಗದಲ್ಲಿ ಬೇಲಿ ಬಂದಿದೆ, ಜೊತೆಗೆ ಸುಣ್ಣ ಸೇರಿದೆ. ಹೊಸತೆಂದರೆ ಒಂದೇ ಗುಂಡಿಯಲ್ಲಿ ಎಲ್ಲರ ಮಾಸೂ ಸೇರುತ್ತದೆ ಎಂಬುದು.

ತ್ಯಾಜ್ಯವೆಂಬ ಈ ಹೆಸರನ್ನು ಪ್ರಶ್ನಿಸಿದ ಸಮಾಜಗಳೂ ಇವೆ. ಹವಾಯಿಯಲ್ಲಿ ಮಾಸನ್ನು ಕುಟುಂಬದ ನೆಲದಲ್ಲಿ ಹೂಳುವ ಸ್ಥಳೀಯ ಜನರಿಗೆ, ಅದು ಸೋಂಕುಕಾರಕ ತ್ಯಾಜ್ಯವೆಂಬ ಕಾರಣಕ್ಕೆ ಆಸ್ಪತ್ರೆಗಳು ಕೊಡಲು ನಿರಾಕರಿಸತೊಡಗಿದಾಗ ಪ್ರತಿಭಟನೆ ಎದ್ದು, 2006ರಲ್ಲಿ ಶಾಸನಸಭೆ ಕಾಯ್ದೆಯನ್ನೇ ಬದಲಾಯಿಸಿತು. ತಾಯಿಯ ತಪಾಸಣೆಯಲ್ಲಿ ಸೋಂಕು ಕಾಣದಿದ್ದರೆ ಮಾಸನ್ನು ಅವಳ ಕೈಗೆ ಕೊಡಬೇಕೆಂದಾಯಿತು. ಒರೆಗಾನ್ ಮತ್ತು ಟೆಕ್ಸಸ್ ರಾಜ್ಯಗಳು 2013 ಮತ್ತು 2015ರಲ್ಲಿ ಇದೇ ಬಗೆಯ ಶಾಸನ ಮಾಡಿದವು. ಭಾರತದಲ್ಲಿ ಹಿತ್ತಲ ಗುಂಡಿಯ ರೂಢಿ ಯಾವ ಚಳವಳಿಯನ್ನೂ ಹುಟ್ಟಿಸದೆ ಸದ್ದಿಲ್ಲದೆ ಹಿಂದೆ ಸರಿಯಿತು.

ಆದರೆ ಹಳದಿ ಚೀಲಕ್ಕೆ ಹೋಗುವ ಮೊದಲು ಮಾಸಿನ ಕೆಲವು ಭಾಗಗಳನ್ನು ಬೇರ್ಪಡಿಸಿದರೆ ಅವು ತ್ಯಾಜ್ಯವಾಗಿ ಉಳಿಯುವುದಿಲ್ಲ. ಇವುಗಳಲ್ಲಿ ಹಳೆಯದು ಆಮ್ನಿಯಾನ್, ಎಂದರೆ ಗರ್ಭಜಲವನ್ನು ಹಿಡಿದಿಡುವ, ಗಾಜಿನಂತೆ ಪಾರದರ್ಶಕವಾದ ಒಳಪೊರೆ. ಅಮೆರಿಕದ ಡೇವಿಸ್ 1910ರಲ್ಲಿ ಇದನ್ನು ಚರ್ಮದ ಕಸಿಗೆ ಬಳಸಿದ್ದ. 1940ರ ದಶಕದಲ್ಲಿ ಲಂಡನ್ನಿನ ಆರ್ನಲ್ಡ್ ಸಾರ್ಸ್‌ಬಿ ಸುಣ್ಣ ಮತ್ತು ಕ್ಷಾರಗಳಿಂದ ಸುಟ್ಟ ಕಣ್ಣುಗಳಿಗೆ ಹೊದಿಸಿದ. ನಂತರ ಬಹುಕಾಲ ಮರೆಯಾಗಿದ್ದ ಈ ಪೊರೆ 1995ರ ಸುಮಾರಿಗೆ ಮತ್ತೆ ನೇತ್ರವೈದ್ಯರ ಕೈಗೆ ಬಂದಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಲ್ಲಿ, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಬೆಂಬಲದ ಕಾರ್ಯಕ್ರಮದಡಿ ಸ್ಥಾಪಿತವಾದ ಅಂಗಾಂಶ ಬ್ಯಾಂಕು ಆಮ್ನಿಯಾನನ್ನು ವಿಕಿರಣದಿಂದ ಶುದ್ಧಗೊಳಿಸಿ ಆಸ್ಪತ್ರೆಗಳಿಗೆ ಒದಗಿಸುವ ಕೆಲಸವನ್ನು ನೆಲೆಗೊಳಿಸಿತು. ಎಚ್‌ಐವಿ, ಕಾಮಾಲೆ, ಸಿಫಿಲಿಸ್‌ಗಳ ತಪಾಸಣೆಯಾದ ತಾಯಿಯ ಮಾಸಿನಿಂದ ಪೊರೆಯನ್ನು ಬೆರಳಿನಿಂದಲೇ ಮೆಲ್ಲಗೆ ಸುಲಿದು, ರಕ್ತದ ಕುರುಹು ಹೋಗುವವರೆಗೆ ಉಪ್ಪುನೀರಿನಲ್ಲಿ ತೊಳೆದು, ಹರಡಿ, ಶೀತದಲ್ಲಿ ಒಣಗಿಸಿ, ಲಕೋಟೆಯಲ್ಲಿ ಮುಚ್ಚಿದ ಮೇಲೆ, ಸುಮಾರು 25 ಕಿಲೋಗ್ರೇ ಪ್ರಮಾಣದ ಗಾಮಾ ಕಿರಣಗಳಿಗೆ ಒಡ್ಡುತ್ತಾರೆ. ಹೊರಬರುವುದು ಈರುಳ್ಳಿಯ ಒಣಸಿಪ್ಪೆಯಂಥ ಹಾಳೆ. ಸುಟ್ಟ ಗಾಯದ ಮೇಲೆ ಒದ್ದೆಯಾಗಿಸಿ ಹೊದಿಸಿದರೆ ಅದು ಅಂಟಿಕೊಂಡು, ನೋವನ್ನು ತಗ್ಗಿಸಿ, ಒಳಗೆ ಚರ್ಮ ಬೆಳೆದಂತೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ವರದಿ ಮಾಡಿದ, ಕಣ್ಣಿನ ಅಂಚಿನ ಆಕರ ಕೋಶಗಳ ಸರಳ ಕಸಿ ವಿಧಾನದಲ್ಲಿಯೂ ಹೊಸ ಕೋಶಗಳಿಗೆ ನೆಲವಾಗುವುದು ಇದೇ ಪೊರೆ.

ಇಂಥ ಪೊರೆಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಬಹುಕಾಲ ಅಸ್ಪಷ್ಟವಾಗಿತ್ತು. ಮದ್ರಾಸು, ಬೊಂಬಾಯಿ, ಬೆಂಗಳೂರುಗಳಲ್ಲಿ ಬೆಳೆದಿದ್ದ ಮೂತ್ರಪಿಂಡದ ವ್ಯಾಪಾರವನ್ನು ತಡೆಯಲು, ಗೋವಾ, ಹಿಮಾಚಲ ಪ್ರದೇಶ ಮತ್ತು ಮಹಾರಾಷ್ಟ್ರಗಳ ವಿಧಾನಮಂಡಲಗಳ ಗೊತ್ತುವಳಿಯ ಮೇಲೆ ಸಂಸತ್ತು 1994ರಲ್ಲಿ ಮಾನವ ಅಂಗಗಳ ಕಸಿ ಕಾಯ್ದೆಯನ್ನು ಮಾಡಿತು. ಪೂರ್ತಿಯಾಗಿ ತೆಗೆದರೆ ದೇಹವು ಮತ್ತೆ ಬೆಳೆಸಿಕೊಳ್ಳಲಾರದ, ಅಂಗಾಂಶಗಳ ವ್ಯವಸ್ಥಿತ ಜೋಡಣೆಯುಳ್ಳ ದೇಹಭಾಗವೇ ಅಂಗ ಎಂದು ಆ ಕಾಯ್ದೆ ವ್ಯಾಖ್ಯಾನಿಸಿತು. ಮೂತ್ರಪಿಂಡವನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ಈ ಮಾತು ಮಾಸಿಗೆ ಹೊಂದುವುದೇ ಇಲ್ಲ, ಏಕೆಂದರೆ ಪ್ರತಿ ಬಸಿರಿನಲ್ಲಿಯೂ ದೇಹ ಹೊಸ ಮಾಸನ್ನು ಬೆಳೆಸುತ್ತದೆ. 2011ರ ತಿದ್ದುಪಡಿ, ಜಾರಿಗೆ ಬಂದದ್ದು 2014ರ ಜನವರಿಯಲ್ಲಿ, ಕಾಯ್ದೆಯ ಹೆಸರಿಗೂ ವ್ಯಾಪ್ತಿಗೂ ಅಂಗಾಂಶ ಎಂಬ ಮಾತನ್ನು ಸೇರಿಸಿ, ರಕ್ತವನ್ನು ಬಿಟ್ಟು ನಿರ್ದಿಷ್ಟ ಕೆಲಸ ಮಾಡುವ ಕೋಶಗಳ ಗುಂಪೆಲ್ಲ ಅಂಗಾಂಶವೇ ಎಂದಿತು. ಅಂಗಾಂಶ ಬ್ಯಾಂಕುಗಳಿಗೆ ನೋಂದಣಿ ಕಡ್ಡಾಯವಾಯಿತು, ಅಂಗಾಂಶವನ್ನು ಮಾರಿದರೆ 1ರಿಂದ 3 ವರ್ಷಗಳ ಸೆರೆ ಮತ್ತು 5ರಿಂದ 25 ಲಕ್ಷ ರೂಪಾಯಿ ದಂಡ ಗೊತ್ತಾಯಿತು.

ರಕ್ತವನ್ನು ಬಿಟ್ಟು ಎಂಬ ಆ ಎರಡು ಮಾತುಗಳಿಂದ ಮಾಸು ಇನ್ನೊಮ್ಮೆ ಸೀಳಿತು. ಹೊಕ್ಕುಳಬಳ್ಳಿ ಮತ್ತು ಮಾಸಿನಲ್ಲಿ ಹೆರಿಗೆಯ ನಂತರ ಉಳಿಯುವ ಒಂದು ಲೋಟಕ್ಕಿಂತ ಕಡಿಮೆಯ ರಕ್ತದಲ್ಲಿ, ಎಲ್ಲ ಬಗೆಯ ರಕ್ತಕೋಶಗಳಾಗಿ ಬೆಳೆಯಬಲ್ಲ ಆಕರ ಕೋಶಗಳು, ಎಂದರೆ ಸ್ಟೆಮ್ ಸೆಲ್‌ಗಳು ಇರುತ್ತವೆ. 1988ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ನೇತೃತ್ವದ ವೈದ್ಯರು, ಫ್ಯಾಂಕೋನಿ ರಕ್ತಹೀನತೆಯಿಂದ ನರಳುತ್ತಿದ್ದ ಅಮೆರಿಕದ ಪುಟ್ಟ ಹುಡುಗನಿಗೆ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಕೊಟ್ಟು ಗುಣಪಡಿಸಿದರು. ನಾಲ್ಕೈದು ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಪಾಬ್ಲೊ ರುಬಿನ್‌ಸ್ಟೈನ್ ಸಾರ್ವಜನಿಕ ಬ್ಯಾಂಕನ್ನು ಕಟ್ಟಿದ. ಅಲ್ಲಿ ದಾನವಾಗಿ ಬಂದ ರಕ್ತ ಹೊಂದಿಕೆಯಾಗುವ ಯಾವ ರೋಗಿಗಾದರೂ ಸಿಗಬಲ್ಲದು. ಅದರ ಬೆನ್ನಿಗೇ ಖಾಸಗಿ ಬ್ಯಾಂಕುಗಳೂ ಹುಟ್ಟಿ, ನಿಮ್ಮ ಮಗುವಿನ ರಕ್ತವನ್ನು ನಿಮ್ಮ ಮಗುವಿಗಾಗಿಯೇ ಕಾಯ್ದಿಡುತ್ತೇವೆ ಎಂದು ಹೇಳತೊಡಗಿದವು, ಅದು ಜೈವಿಕ ವಿಮೆಯೆಂಬ ಮಾತು ಭಾರತದ ನಗರಗಳ ಹೆರಿಗೆ ಆಸ್ಪತ್ರೆಗಳ ಗೋಡೆಗಳಲ್ಲಿಯೂ ಕಾಣಿಸಿಕೊಂಡಿತು.

ಭಾರತ ಸರ್ಕಾರ ಈ ಬ್ಯಾಂಕುಗಳನ್ನು ಔಷಧ ಕಾನೂನಿನ ಬಾಗಿಲಿನಿಂದ ಒಳಗೆ ಕರೆದುಕೊಂಡಿತು. ಔಷಧ ಮತ್ತು ಪ್ರಸಾಧನ ನಿಯಮಗಳಿಗೆ 2011ರ ಡಿಸೆಂಬರ್ 27ರಂದು ರಾಜ್ಯಪತ್ರದಲ್ಲಿ ಪ್ರಕಟವಾದ ತಿದ್ದುಪಡಿ, ಹೊಕ್ಕುಳಬಳ್ಳಿ ರಕ್ತದ ಸಂಗ್ರಹ, ಸಂಸ್ಕರಣೆ, ಪರೀಕ್ಷೆ ಮತ್ತು ದಾಸ್ತಾನಿಗೆ ಪ್ರತ್ಯೇಕ ಭಾಗವನ್ನೇ ಸೇರಿಸಿ, ಪರವಾನಗಿ ಇಲ್ಲದೆ ಬ್ಯಾಂಕು ನಡೆಸುವಂತಿಲ್ಲವೆಂದಿತು. ಇದರಿಂದ ಗುಣಮಟ್ಟಕ್ಕೆ ಲಗಾಮು ಬಿದ್ದಿತು, ಆದರೆ ಆ ದಾಸ್ತಾನಿನಿಂದ ಕುಟುಂಬಕ್ಕೆ ನಿಜವಾದ ಪ್ರಯೋಜನ ಏನು ಎಂಬ ಪ್ರಶ್ನೆ ಪರವಾನಗಿಯ ಪರಿಧಿಗೆ ಸೇರಿರಲಿಲ್ಲ. ಆ ಪ್ರಶ್ನೆಯನ್ನು ಎತ್ತಿಕೊಂಡದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಮಂಡಳಿ 2007ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ ಜೊತೆಗೂಡಿ ಹೊರಡಿಸಿದ ಮಾರ್ಗಸೂಚಿಯ ಹೆಸರಿನಲ್ಲಿ ಆಕರ ಕೋಶ ಸಂಶೋಧನೆ ಮತ್ತು ಚಿಕಿತ್ಸೆ ಎಂದಿತ್ತು. 2013ರ ಪರಿಷ್ಕರಣೆಯಲ್ಲಿ ಚಿಕಿತ್ಸೆ ಎಂಬ ಮಾತನ್ನು ಬೇಕೆಂದೇ ತೆಗೆದುಹಾಕಲಾಯಿತು, ಏಕೆಂದರೆ ಮಾರ್ಗಸೂಚಿಯ ತಲೆಬರಹವನ್ನೇ ಅನುಮತಿಯಂತೆ ತೋರಿಸಿ, ಪ್ರಯೋಗದ ಹಂತ ದಾಟದ ಚಿಕಿತ್ಸೆಗಳನ್ನು ಮಾರುವುದಕ್ಕೆ ಆಸ್ಪದ ಇರಬಾರದಿತ್ತು. 2017ರ ಆವೃತ್ತಿ ಇನ್ನೂ ಮುಂದೆ ಹೋಗಿ, ಬ್ಯಾಂಕಿನಲ್ಲಿ ಇಡಲು ಅನುಮತಿ ಇರುವುದು ಹೊಕ್ಕುಳಬಳ್ಳಿಯ ರಕ್ತಕ್ಕೆ ಮಾತ್ರ, ಬಳ್ಳಿಯ ಅಂಗಾಂಶ, ಮಾಸು, ಹಲ್ಲಿನ ತಿರುಳು, ಮುಟ್ಟಿನ ರಕ್ತ ಇವುಗಳನ್ನು ಇಡುವ ವ್ಯಾಪಾರಕ್ಕೆ ಅನುಮತಿ ಇಲ್ಲ ಎಂದಿತು. ಸ್ವಂತ ಮಗುವಿನ ಮುಂದಿನ ಕಾಯಿಲೆಗೆಂದು ರಕ್ತವನ್ನು ಕಾಯ್ದಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂಬುದನ್ನೂ ಬಿಚ್ಚಿ ಹೇಳಿತು. ಅನುವಂಶೀಯ ರಕ್ತರೋಗ ಬಂದ ಮಗುವಿನ ಸ್ವಂತ ಆಕರ ಕೋಶಗಳಲ್ಲಿಯೂ ಅದೇ ದೋಷ ಇರುತ್ತದೆ ಎಂಬ ಸರಳ ಸಂಗತಿ ಇದರ ಹಿಂದಿತ್ತು. ಮರುವರ್ಷ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ವಿಮೆಯೆಂಬ ಮಾತನ್ನು ತಳ್ಳಿಹಾಕಿತು. ಆದರೂ ಮಾರ್ಗಸೂಚಿ ಕಾಯ್ದೆಯಲ್ಲ, ತಜ್ಞರ ಮಾತಿಗೆ ಜಾಹೀರಾತಿನಷ್ಟು ಗಟ್ಟಿಯಾದ ದನಿಯೂ ಇಲ್ಲ.

ಅದೇ 2011ನೆಯ ವರ್ಷ ಮಾಸಿನ ಸಾರದ ಪಾಲಿಗೂ ನಿರ್ಣಾಯಕವಾಗಿತ್ತು. ಔಷಧ ಕಾಯ್ದೆ 1940ರದ್ದಾದರೂ, ಸಾರ್ವಜನಿಕ ಹಿತಕ್ಕಾಗಿ ಒಂದು ಔಷಧಿಯ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟದ್ದು 1982ರಲ್ಲಿ ಸೇರಿದ 26ಎ ಕಲಮು. ಅದರಡಿ 2011ರ ಫೆಬ್ರವರಿಯಲ್ಲಿ ಸರ್ಕಾರ ಮನುಷ್ಯರ ಬಳಕೆಗಾಗಿರುವ ಮಾಸಿನ ಸಾರ ಮತ್ತು ಅದರಿಂದ ತಯಾರಾದವುಗಳನ್ನು, ತೂಕ ಇಳಿಸುವ ಸಿಬುಟ್ರಮಿನ್ ಮುಂತಾದವುಗಳ ಜೊತೆಗೆ ನಿಷೇಧಿಸಿತು. ಮೇ ತಿಂಗಳಲ್ಲಿ ಇನ್ನೊಂದು ಅಧಿಸೂಚನೆ ಬಂದು, ಗಾಯ ಮಾಯಲು ಮೇಲೆ ಹಚ್ಚುವುದಕ್ಕೂ, ಹೆಂಗಸರ ಕಿಬ್ಬೊಟ್ಟೆಯ ಉರಿಯೂತಕ್ಕೆ ಚುಚ್ಚುಮದ್ದಾಗಿ ಕೊಡುವುದಕ್ಕೂ ವಿನಾಯಿತಿ ಸಿಕ್ಕಿತು. ಮೂರೇ ತಿಂಗಳ ಅಂತರದ ಈ ಎರಡು ಆದೇಶಗಳ ನಡುವೆ ಮಾಸಿನ ಗುಣ ಬದಲಾಗಿರಲಿಲ್ಲ. ಎಲ್ಲ ರೋಗಕ್ಕೂ ಮದ್ದೆಂಬ ಫಿಲಾತೊವ್ ಕಾಲದ ನಂಬಿಕೆ ಎರಡು ನಿರ್ದಿಷ್ಟ ಬಳಕೆಗಳಿಗೆ ಕುಗ್ಗಿತು ಎಂದಷ್ಟೇ ಹೇಳಬಹುದು.

ಪೊರೆಯನ್ನು ಹಾಳೆಯಾಗಿ ಬಳಸಿದರೆ ಅಂಗಾಂಶ, ಅರೆದರೆ ಔಷಧಿ ಎಂಬ ಸೂಕ್ಷ್ಮ ಭೇದ ಅಮೆರಿಕದಲ್ಲಿ ಬೆಳೆಯಿತು. ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ 2005ರಿಂದ ಪೂರ್ಣವಾಗಿ ಜಾರಿಗೆ ತಂದ ನಿಯಮಗಳಲ್ಲಿ ಕನಿಷ್ಠ ಮಾರ್ಪಾಡು ಎಂಬ ಅಳತೆಗೋಲು ಇದೆ: ಅಂಗಾಂಶದ ಮೂಲ ರಚನೆ ಉಳಿದು, ಅದು ದೇಹದಲ್ಲಿ ಮಾಡುತ್ತಿದ್ದ ಕೆಲಸವನ್ನೇ ಮಾಡಿದರೆ ಔಷಧಿಯಂತೆ ಮುಂಚಿತ ಅನುಮತಿ ಬೇಕಿಲ್ಲ. 2013ರಲ್ಲಿ ಆಮ್ನಿಯಾನನ್ನು ಪುಡಿ ಮಾಡಿ ಚುಚ್ಚುಮದ್ದಾಗಿ ಮಾರುತ್ತಿದ್ದ ಕಂಪನಿಯೊಂದಕ್ಕೆ, ಅರೆದ ಪೊರೆ ಹೊದಿಕೆಯ ಗುಣವನ್ನು ಕಳೆದುಕೊಂಡಿದೆ, ಅದು ಈಗ ಔಷಧಿ ಎಂದು ಆಡಳಿತ ಪತ್ರ ಬರೆಯಿತು. ಭಾರತದ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಆಕರ ಕೋಶಗಳಿಂದ ತಯಾರಾದ ಉತ್ಪನ್ನವನ್ನು ಹೊಸ ಔಷಧಿಯ ವ್ಯಾಖ್ಯೆಯೊಳಗೆ ತಂದಾಗ ಇದೇ ಬಗೆಯ ತರ್ಕ ಇಲ್ಲಿಗೂ ಕಾಲಿಟ್ಟಿತು.

ಮಾಸು ಇನ್ನೂ ಗರ್ಭದೊಳಗೆ ಇರುವಾಗಲೇ ಅದರ ಒಂದು ಚೂರಿನ ಮೇಲೆ ಬೀಳುವ ಕಾನೂನೊಂದಿದೆ. ಮಾಸಿನ ಬೇರುಗಳಂಥ ಕೋರಿಯಾನ್ ಎಳೆಗಳನ್ನು ಬಸಿರಿನ ಮೊದಲ ತಿಂಗಳುಗಳಲ್ಲಿ ಸೂಕ್ಷ್ಮ ನಳಿಕೆಯಿಂದ ಚಿವುಟಿ ತೆಗೆದು ಪರೀಕ್ಷಿಸಿದರೆ ಥಲಸ್ಸೇಮಿಯಾದಂಥ ಅನುವಂಶೀಯ ಕಾಯಿಲೆಗಳನ್ನು ಗುರುತಿಸಬಹುದು, ಲಿಂಗವನ್ನೂ ತಿಳಿಯಬಹುದು. ಚೀನಾದ ಅನ್‌ಶಾನ್ ನಗರದ ಆಸ್ಪತ್ರೆಯೊಂದರ ವೈದ್ಯರು 1975ರಲ್ಲಿ ಈ ಪರೀಕ್ಷೆಯ ಬಗ್ಗೆ ಪ್ರಕಟಿಸಿದ ವರದಿಯ ವಿಷಯವೇ ಲಿಂಗಪತ್ತೆ. ಭಾರತದಲ್ಲಿ 1994ರಲ್ಲಿ ಅಂಗೀಕಾರವಾಗಿ 1996ರ ಜನವರಿ 1ರಂದು ಜಾರಿಗೆ ಬಂದ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯ್ದೆ, ಸ್ಕ್ಯಾನಿಂಗ್ ಮತ್ತು ಗರ್ಭಜಲ ಪರೀಕ್ಷೆಗಳ ಸಾಲಿನಲ್ಲಿ ಕೋರಿಯಾನ್ ಎಳೆಗಳನ್ನೂ ಹೆಸರಿಸಿ, ಗೊತ್ತುಪಡಿಸಿದ ಕಾಯಿಲೆಗಳ ಪತ್ತೆಗಲ್ಲದೆ ಅವುಗಳನ್ನು ತೆಗೆಯಬಾರದೆಂದಿತು, ಬಸುರಿಯ ಲಿಖಿತ ಒಪ್ಪಿಗೆಯನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಪಡೆಯಬೇಕೆಂದಿತು. ಕೆಲವು ಮಿಲಿಗ್ರಾಂ ತೂಗುವ ಆ ಎಳೆಗಾಗಿ ಅವಳು ಸಹಿ ಹಾಕಬೇಕು. ಆರೇಳು ತಿಂಗಳ ನಂತರ ಅರ್ಧ ಕಿಲೋದ ಇಡೀ ಮಾಸು ಹೊರಬಿದ್ದಾಗ ಅದರ ವಿಲೇವಾರಿಗೆ ಅಂಥ ಸಹಿಯನ್ನು ತ್ಯಾಜ್ಯ ನಿಯಮ ಕೇಳುವುದಿಲ್ಲ.

ಇಂದು ಒಂದೇ ಹೆರಿಗೆ ಕೋಣೆಯಿಂದ ಎರಡು ಚೀಲಗಳು ಹೊರಡಬಹುದು, ಎರಡರ ಮೇಲೂ ಬಾರ್‌ಕೋಡ್ ಚೀಟಿ ಇರುತ್ತದೆ. ಬ್ಯಾಂಕಿಗೆ ಹೋಗುವ ರಕ್ತದ ಚೀಲದ ಚೀಟಿಯನ್ನು ಹಿಡಿದು ಹಿಂದೆ ಹೋದರೆ ತಾಯಿಯ ದಾಖಲೆ, ಅವಳ ರಕ್ತಪರೀಕ್ಷೆಯ ಫಲಿತಾಂಶ, ಅವಳು ಸಹಿ ಹಾಕಿದ ಒಪ್ಪಿಗೆ ಪತ್ರ ಸಿಗುತ್ತವೆ. 2016ರ ನಿಯಮದಂತೆ ಹಳದಿ ಚೀಲಕ್ಕೆ ಅಂಟಿಸಿದ ಚೀಟಿಯನ್ನು ಹಿಡಿದು ಹೋದರೆ ಸಿಗುವುದು ಆಸ್ಪತ್ರೆಯ ಹೆಸರು ಮತ್ತು ಚೀಲದ ತೂಕ.